ದಾರಿ ಇದ್ದಷ್ಟು ದಿನ ಮನೆಯೂ ಇತ್ತು

2023ರ ಏಪ್ರಿಲ್ 15ರಂದು ಸುಡಾನ್ ದೇಶದಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಶುರುವಾಯಿತು. ಮೂರ್ನಾಲ್ಕು ದಿನ ಕಳೆಯುವುದರೊಳಗೆ, ವಿಧಾನಸಭಾ ಚುನಾವಣೆಯ ಗದ್ದಲದಲ್ಲಿದ್ದ ಕರ್ನಾಟಕಕ್ಕೆ ಅಲ್ಲಿಂದ ಸುದ್ದಿ ಬಂತು: ಡಾರ್ಫುರ್ ಸೀಮೆಯ ಎಲ್ ಫಾಶೇರ್ ಪಟ್ಟಣದಲ್ಲಿ ನಮ್ಮ ಹಕ್ಕಿಪಿಕ್ಕಿ ಜನ ಸಿಕ್ಕಿಬಿದ್ದಿದ್ದಾರೆ. ಮೊದಲು ಕೇಳಿಬಂದ ಲೆಕ್ಕ 31 ಮಂದಿ. ಆಮೇಲೆ ನೋಡಿದರೆ ಅದಕ್ಕಿಂತ ಎಷ್ಟೋ ಹೆಚ್ಚು ಜನ ಅಲ್ಲಿದ್ದರು. ಹೊರಗೆ ಗುಂಡಿನ ಸದ್ದು, ಒಳಗೆ ನೀರಿಲ್ಲ, ಅನ್ನವಿಲ್ಲ. ಏಪ್ರಿಲ್ 24ರಂದು ಆರಂಭವಾದ ಭಾರತ ಸರ್ಕಾರದ ತೆರವು ಕಾರ್ಯಾಚರಣೆ ‘ಆಪರೇಷನ್ ಕಾವೇರಿ’ ಅವರನ್ನು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದಾಟಿಸಿ ಪೋರ್ಟ್ ಸುಡಾನ್ ಬಂದರಿಗೆ, ಅಲ್ಲಿಂದ ಜೆಡ್ಡಾಕ್ಕೆ, ಅಲ್ಲಿಂದ ತಾಯ್ನಾಡಿಗೆ ಮುಟ್ಟಿಸಿತು.

ಹುಣಸೂರಿನ ಪಕ್ಷಿರಾಜಪುರ, ಬೇಲೂರಿನ ಅಂಗಡಿಹಳ್ಳಿ, ಚನ್ನಗಿರಿ ಮತ್ತು ಶಿವಮೊಗ್ಗದ ಸುತ್ತಿನ ಕಾಲೊನಿಗಳು ಹಕ್ಕಿಪಿಕ್ಕಿಗಳ ನೆಲೆಗಳು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅವರು 11,892 ಜನ. ಮನೆಯಲ್ಲಿ ಮಾತಾಡುವುದು ಗುಜರಾತಿಗೆ ಹತ್ತಿರದ ವಾಗ್ರಿ. ಹೆಸರೇ ಹೇಳುವಂತೆ ಹಕ್ಕಿ ಹಿಡಿದು ಬದುಕಿದವರು, ಬಲೆ ಹೊತ್ತು ಕಾಡಿನಿಂದ ಸಂತೆಗೆ, ಸಂತೆಯಿಂದ ಮತ್ತೊಂದು ಕಾಡಿಗೆ ನಡೆದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಲೆಯನ್ನು ಕಿತ್ತುಕೊಂಡಿತು. ಪ್ಲಾಸ್ಟಿಕ್ ಹೂವು ಮಾರಿದರು, ಪಿನ್ನು, ಮಣಿಸರ ಮಾರಿದರು. ಕಾಡಿನ ಬೇರು ನಾರುಗಳ ತಿಳಿವಳಿಕೆ ಕೈಯಲ್ಲಿತ್ತು. ಅದರಿಂದ ತಲೆಕೂದಲಿನ ಎಣ್ಣೆ, ಮೈಕೈ ನೋವಿನ ಎಣ್ಣೆ ಕಾಯಿಸಿ, ಮೊದಲು ಊರೂರಿಗೆ, ಆಮೇಲೆ ವಿಮಾನ ಹತ್ತಿ ಸಿಂಗಪುರಕ್ಕೆ, ಆಫ್ರಿಕಾದ ಪಟ್ಟಣಗಳಿಗೆ ಒಯ್ದರು. ಟಿಕೆಟ್ಟಿಗೆ ಬಡ್ಡಿ ಸಾಲ ಮಾಡಿ ಹೋದವರೂ ಅವರಲ್ಲಿದ್ದರು.

ಆ ದಿನಗಳಲ್ಲಿ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಪರಿಚಿತರ ಮನೆಯಲ್ಲಿ ನಾನು ಮತ್ತೆ ಮತ್ತೆ ಕೇಳಿದ ಮಾತೊಂದಿದೆ. ಸರ್ಕಾರ ಮನೆ ಕೊಟ್ಟಿದೆ, ಜಮೀನು ಕೊಟ್ಟಿದೆ, ಆದರೂ ಯಾಕೆ ಹೋಗಬೇಕಿತ್ತು? ಏನು ಮಾಡೋಕಾಗುತ್ತೆ, ಅಲೆಯೋದು ಅವರ ರಕ್ತದಲ್ಲೇ ಇದೆ. ಹೇಳಿದವರಾರೂ ಕೆಟ್ಟವರಲ್ಲ. ಕೆಲವರು ಮೆಚ್ಚುಗೆಯಿಂದಲೇ ಹೇಳಿದರು. ಆದರೂ ಆ ಮಾತಿನಷ್ಟು ಅಪಾಯದ ಮಾತು ಅಲೆಮಾರಿಗಳ ವಿಷಯದಲ್ಲಿ ಇನ್ನೊಂದಿಲ್ಲ ಎಂದು ನನಗೆ ಖಾತ್ರಿಯಾಗಿದೆ. ಯಾಕೆಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎಲ್ಲರ ಕಾಲಿನಲ್ಲೂ ಇರುವುದು

ಅಲೆಯುವ ಹಂಬಲ ರಕ್ತದಲ್ಲಿದೆ ಎನ್ನುವುದಾದರೆ ಅದು ಮನುಷ್ಯರೆಲ್ಲರ ರಕ್ತದಲ್ಲೂ ಇದೆ. ನಮ್ಮ ಕುಲ ಭೂಮಿಯ ಮೇಲೆ ಹುಟ್ಟಿ ಸುಮಾರು 3 ಲಕ್ಷ ವರ್ಷ. ಹೊಲ ಉತ್ತು, ಗೋಡೆ ಕಟ್ಟಿ ಒಂದೆಡೆ ನಿಲ್ಲಲು ತೊಡಗಿದ್ದು ಸುಮಾರು 12,000 ವರ್ಷಗಳಿಂದ ಈಚೆಗೆ. ಅದಕ್ಕೆ ಮುಂಚಿನದೆಲ್ಲ ನಡಿಗೆಯ ಕಾಲ. ಆಫ್ರಿಕಾದಿಂದ ಹೊರಟ ಮನುಷ್ಯ ಆಸ್ಟ್ರೇಲಿಯಾ ಮುಟ್ಟಿದ್ದೂ, ಹಿಮ ದಾಟಿ ಅಮೆರಿಕ ಸೇರಿದ್ದೂ ಆ ಕಾಲದಲ್ಲೇ.

ವಿಜ್ಞಾನಿಗಳು ಈ ಹಂಬಲದ ಬೇರನ್ನು ವಂಶವಾಹಿಗಳಲ್ಲಿ ಹುಡುಕಿದ್ದಾರೆ. ಮಿದುಳಿನ ಡೋಪಮೈನ್ ವ್ಯವಸ್ಥೆಗೆ ಸಂಬಂಧಿಸಿದ ಡಿಆರ್‌ಡಿ4 ಎಂಬ ವಂಶವಾಹಿಯ ಒಂದು ರೂಪ ದೂರ ದೂರ ವಲಸೆ ಹೋದ ಜನಗಳಲ್ಲಿ ಹೆಚ್ಚಾಗಿ ಕಾಣುತ್ತದೆ ಎಂದು 1999ರಲ್ಲಿ ಒಂದು ಅಧ್ಯಯನ ಹೇಳಿತು. ಪತ್ರಿಕೆಗಳು ಅದನ್ನು ಅಲೆದಾಟದ ಜೀನ್ ಎಂದು ಕರೆದು ಸಂಭ್ರಮಪಟ್ಟವು. ನನಗೆ ಹೆಚ್ಚು ಮುಖ್ಯವೆನಿಸುವುದು 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ. ಕೀನ್ಯಾದ ಉತ್ತರ ಭಾಗದಲ್ಲಿ ಅರಿಯಾಲ್ ಎಂಬ ದನಗಾಹಿ ಜನರಿದ್ದಾರೆ. ಅವರಲ್ಲಿ ಒಂದು ಗುಂಪು ಇನ್ನೂ ದನಗಳ ಹಿಂದೆ ತಿರುಗುತ್ತದೆ, ಮತ್ತೊಂದು ಗುಂಪು ಕೆಲವು ದಶಕಗಳಿಂದ ಊರಲ್ಲಿ ನೆಲೆನಿಂತಿದೆ. ತಿರುಗುವವರಲ್ಲಿ ಆ ವಂಶವಾಹಿಯ ರೂಪ ಇದ್ದ ಗಂಡಸರು ಉಳಿದವರಿಗಿಂತ ಚೆನ್ನಾಗಿ ಮೈಹಿಡಿದಿದ್ದರು. ನೆಲೆನಿಂತವರಲ್ಲಿ ಅದೇ ರೂಪ ಇದ್ದವರು ಸ್ವಲ್ಪ ಸೊರಗಿದ್ದರು. ರಕ್ತ ಒಂದೇ, ಬದಲಾದದ್ದು ಬದುಕುವ ರೀತಿ. ಒಂದು ವಂಶವಾಹಿಯಿಂದ ಒಂದು ಜನಾಂಗದ ನಡತೆಯನ್ನು ಓದಿಬಿಡಬಹುದೆಂದು ಆ ಅಧ್ಯಯನ ಹೇಳುವುದಿಲ್ಲ. ಹಾಗೆ ಓದುವುದು ತಪ್ಪು.

ನೆಲೆನಿಂತ ನಮ್ಮಲ್ಲೂ ಕಾಲಿನ ತುಡಿತ ಸತ್ತಿಲ್ಲವೆನ್ನಲು ಕೀನ್ಯಾದವರೆಗೆ ಹೋಗಬೇಕಿಲ್ಲ. ಯುಗಾದಿಗೆ ಮುಂಚೆ ರಾಯಚೂರಿನ ಕಡೆಯ ರಸ್ತೆಗಳನ್ನು ನೋಡಿ. ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಹಳ್ಳಿಗಳಿಂದ ಶ್ರೀಶೈಲಕ್ಕೆ ಹೊರಟವರು. ಹೊಲಮನೆ ಇದ್ದವರು, ಮಾಸ್ತರರು, ಅಂಗಡಿಕಾರರು, ಮೊಮ್ಮಕ್ಕಳಿರುವ ಅಜ್ಜಿಯರು. ಕಾಲಲ್ಲಿ ಬೊಬ್ಬೆ, ಹೆಗಲ ಮೇಲೆ ಕಂಬಿ, ಮುಂದೆ ನಲ್ಲಮಲದ ಕಾಡು. ಆಷಾಢ ಬಂದರೆ ಪಂಢರಪುರದ ದಿಂಡಿ, ಶಿವರಾತ್ರಿಗೆ ಧರ್ಮಸ್ಥಳದ ಪಾದಯಾತ್ರೆ. ಬಸ್ಸಿದೆ, ರೈಲಿದೆ, ಆದರೂ ನಡೆಯುತ್ತಾರೆ. ದಾರಿಯುದ್ದಕ್ಕೂ ಹಳ್ಳಿಯವರು ಪೆಂಡಾಲು ಹಾಕಿ ರೊಟ್ಟಿ, ಮಜ್ಜಿಗೆ, ಬಿಸಿನೀರು, ಕಾಲಿಗೆ ಎಣ್ಣೆ ಇಟ್ಟುಕೊಂಡು ಕಾಯುತ್ತಾರೆ. ನಡೆಯುವವನನ್ನು ಕಾದು ಕುಳಿತ ಊರು ಇರುವುದರಿಂದಲೇ ಅದು ಯಾತ್ರೆ. ಅದೇ ದಾರಿಯ ಅಂಚಿನಲ್ಲಿ ಅಲೆಮಾರಿ ಬುಡ್ಗ ಜಂಗಮರ ಒಂದು ಕುಟುಂಬ ಟಾರ್ಪಾಲು ಕಟ್ಟಿಕೊಂಡು ವಾರಗಟ್ಟಲೆ ಕೂತಿದ್ದರೆ, ಅವರಿಗೆ ಕೇಳಿಸುವ ಮಾತು ಬೇರೆ: ಏಳ್ರಿ ಇಲ್ಲಿಂದ.

ಕಾಯುತ್ತಿದ್ದ ಊರುಗಳು

ಅಲೆಮಾರಿ ಎಂದರೆ ಗೊತ್ತುಗುರಿಯಿಲ್ಲದೆ ಅಲೆಯುವವನು ಎಂಬ ಕಲ್ಪನೆ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅದು ಎಷ್ಟು ಸುಳ್ಳೆಂದು ತಿಳಿಯಲು ಹೆಳವರನ್ನು ನೋಡಬೇಕು.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆದವರಿಗೆ ಹೆಳವನ ಗಂಟೆ ಗೊತ್ತು. ಎತ್ತಿನ ಮೇಲೆ ಕುಳಿತು, ಕಾಲಿಗೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಮನೆಯ ಮುಂದೆ ಬಂದು ನಿಲ್ಲುತ್ತಾನೆ. ಕಾಲಿಲ್ಲದ ಮೂಲಪುರುಷನ ಕತೆ ಆ ಕಂಬಳಿಯ ಹಿಂದಿದೆ. ಬಂದವನು ಆ ಮನೆತನದ ಹೆಸರು ಎತ್ತಿ ಹಾಡುವಂತೆ ಹೇಳತೊಡಗುತ್ತಾನೆ. ಮುತ್ತಾತನ ಅಪ್ಪ ಯಾರು, ಅವನಿಗೆಷ್ಟು ಮಕ್ಕಳು, ಯಾವ ಹೆಣ್ಣುಮಗಳನ್ನು ಯಾವ ಊರಿಗೆ ಕೊಟ್ಟರು, ಯಾವ ದೇವರ ಒಕ್ಕಲು. ಮನೆಯವರು ಹಿಂದಿನ ಸಲ ಆತ ಬಂದುಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರು ಬರೆಸುತ್ತಾರೆ. ಕಾಳುಕಡಿ, ಬಟ್ಟೆಬರೆ, ಕೈ ಉದ್ದವಿದ್ದ ಮನೆಯಾದರೆ ಒಂದು ಕರುವನ್ನೂ ಕೊಡುತ್ತಾರೆ. ಯಾವ ಹೆಳವನಿಗೆ ಯಾವ ಮನೆತನಗಳು ಎಂಬುದು ತಲೆಮಾರುಗಳ ಹಿಂದೆಯೇ ಹಂಚಿಕೆಯಾಗಿದೆ. ಒಬ್ಬನ ಮನೆತನಕ್ಕೆ ಇನ್ನೊಬ್ಬ ಕೈಹಾಕುವಂತಿಲ್ಲ. ಆತ ಬರುವುದು ವರ್ಷಕ್ಕೊಮ್ಮೆಯೋ ಕೆಲವು ವರ್ಷಕ್ಕೊಮ್ಮೆಯೋ, ಆದರೆ ಬಂದೇ ಬರುತ್ತಾನೆಂದು ಮನೆಯವರಿಗೆ ಗೊತ್ತಿರುತ್ತದೆ.

ಆ ವಂಶಾವಳಿಯಲ್ಲಿ ನಾವು ಗಮನಿಸದ ಒಂದು ಸಂಗತಿಯಿದೆ. ಹೆಳವ ಬಹಳಷ್ಟು ಮನೆತನಗಳಿಗೆ ಹೇಳುವುದು ನೀವು ಈ ಊರಿನವರಲ್ಲ ಎಂಬುದನ್ನೇ. ನಿಮ್ಮ ಮೂಲ ಇಂಥ ಊರು, ಬರಕ್ಕೆ ಹೆದರಿಯೋ ದಂಡಿಗೆ ಹೆದರಿಯೋ ಹೊರಟವರು, ನಡುವೆ ಇಂಥಿಂಥ ಕಡೆ ನಿಂತು, ಕೊನೆಗೆ ಇಲ್ಲಿಗೆ ಬಂದಿರಿ ಎನ್ನುತ್ತಾನೆ. 1791-92ರ ಡೋಗಿ ಬರದಲ್ಲಿ ಹೆಣ ಹೂಳುವವರಿರಲಿಲ್ಲ, ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆಮೇಲೆ ಮೈಸೂರು ಸೀಮೆಯಲ್ಲಿ ಧಾತು, ಈಶ್ವರ ಸಂವತ್ಸರಗಳ ಬರ ಬಂತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದರು. ಸತ್ತವರು ಸತ್ತರು, ಕಾಲಿದ್ದವರು ನಡೆದರು. ಇವತ್ತು ಗೌಡರು, ದೇಸಾಯರು, ಪಾಟೀಲರು ಎಂದು ಊರ ಮುಂದೆ ಕೂರುವ ಎಷ್ಟೋ ಮನೆತನಗಳ ಮೊದಲ ಪುಟ ಒಂದು ತಲೆಹೊರೆ, ಒಂದು ದಾರಿ. ಮನೆಯಿಲ್ಲದವನೆಂದು ನಾವು ಕರೆದ ಹೆಳವನೇ ಆ ಪುಟವನ್ನು ನಮಗಾಗಿ ಕಾಯ್ದುಕೊಂಡು ಬಂದಿದ್ದಾನೆ.

ಸಂಚಾರಿ ಕುರಿಗಾಹಿಗಳ ಲೆಕ್ಕಾಚಾರವೂ ಅಷ್ಟೇ ಬಿಗಿ. ಬೆಳಗಾವಿ, ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಕುರಿ ಹೊಡೆದುಕೊಂಡು ಹೊರಟ ಕುಟುಂಬಕ್ಕೆ ಯಾವ ತಿಂಗಳು ಯಾವ ಊರಿನ ಹೊಲ ಖಾಲಿಯಾಗುತ್ತದೆ, ಯಾವ ಹಳ್ಳದಲ್ಲಿ ನೀರು ಉಳಿದಿರುತ್ತದೆ, ಯಾವ ರೈತ ಮಾತಿಗೆ ನಿಲ್ಲುತ್ತಾನೆ ಎಂಬುದೆಲ್ಲ ಗೊತ್ತು. ರಾತ್ರಿ ಹೊಲದಲ್ಲಿ ಕುರಿ ತರುಬಿದರೆ ಹಿಕ್ಕೆ, ಗಂಜಲ ಮಣ್ಣಿಗೆ ಸೇರುತ್ತದೆ. ಅದಕ್ಕೆ ರೈತ ಕಾಳನ್ನೋ ದುಡ್ಡನ್ನೋ ಕೊಡುತ್ತಾನೆ. ಹೋದ ವರ್ಷ ಬಂದವರು ಈ ವರ್ಷ ಬರಲಿಲ್ಲವೆಂದರೆ ರೈತನೇ ಫೋನ್ ಮಾಡಿ ಕೇಳುತ್ತಾನೆ.

ಇಂಥವರನ್ನು ಮನೆಯಿಲ್ಲದವರು ಎನ್ನಬಹುದೆ? ಅವರ ಮನೆ ನೂರಾರು ಮೈಲಿ ಉದ್ದವಿತ್ತು. ಅದಕ್ಕೆ ಗೋಡೆ ಇರಲಿಲ್ಲ, ಆದರೆ ಬಾಗಿಲುಗಳು ಬೇಕಾದಷ್ಟಿದ್ದವು, ತೆರೆಯುವವರೂ ಇದ್ದರು. ನನ್ನ ಮಟ್ಟಿಗೆ ಮನೆಯುಳ್ಳವನಿಗೂ ಮನೆಯಿಲ್ಲದವನಿಗೂ ಇರುವ ವ್ಯತ್ಯಾಸ ಸೂರಿನದ್ದಲ್ಲ. ತನ್ನನ್ನು ಎದುರು ನೋಡುವವರು ಎಲ್ಲಾದರೂ ಇದ್ದಾರೆಯೆ ಎಂಬುದರದ್ದು.

ಹಾಗಾದರೆ ಆ ದಾರಿಗಳನ್ನು ಕಡಿದವರು ಯಾರು? ಕೊರಚರ ಕತೆ ಅದಕ್ಕೆ ಉತ್ತರ. ಕೊರಚ, ಕೊರಮರು, ಮಹಾರಾಷ್ಟ್ರದ ಕಡೆ ಕೈಕಾಡಿಗಳು, ಒಂದೇ ದೊಡ್ಡ ಬಳಗ. ಎತ್ತು, ಕತ್ತೆಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ, ಒಳನಾಡಿನ ಕಾಳನ್ನು ಹೊರಕ್ಕೆ ಸಾಗಿಸಿದವರು. ಗಾಡಿದಾರಿಯೂ ಇಲ್ಲದ ಹಳ್ಳಿಗಳಿಗೆ ಉಪ್ಪು ಮುಟ್ಟುತ್ತಿದ್ದುದು ಇವರ ಬೆನ್ನಮೇಲೆ. ಬ್ರಿಟಿಷರು ಉಪ್ಪನ್ನು ತಮ್ಮ ಹಿಡಿತಕ್ಕೆ ತೆಗೆದುಕೊಂಡರು. ರೈಲು ಬಂತು. ಕಾಡಿಗೆ ಬೇಲಿ ಬಿತ್ತು, ಬುಟ್ಟಿ ಹೆಣೆಯುವ ಬಿದಿರಿಗೂ ಪಾಸು ಬೇಕಾಯಿತು. ಕೆಲವೇ ದಶಕಗಳಲ್ಲಿ ಒಂದು ಇಡೀ ಸಾಗಣೆದಾರ ಜನ ಕೆಲಸವಿಲ್ಲದೆ ರಸ್ತೆಯ ಮೇಲೆ ನಿಂತರು. ಲಂಬಾಣಿಗಳಿಗಾದದ್ದೂ ಬಹುಪಾಲು ಇದೇ. ಇತಿಹಾಸಕಾರ್ತಿ ಮೀನಾ ರಾಧಾಕೃಷ್ಣ ಅವರು 2001ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದೇ ಬಳಗದ ಕೊರವರ ಈ ಕತೆಯನ್ನು ದಾಖಲೆಗಳಿಂದ ಬಿಡಿಸಿಟ್ಟಿದ್ದಾರೆ. ಓದುತ್ತ ಓದುತ್ತ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕೆಲಸ ಕಿತ್ತುಕೊಂಡ ಸರ್ಕಾರವೇ ಆಮೇಲೆ ಕೇಳಿತು: ಇವರು ಕೆಲಸವಿಲ್ಲದೆ ಯಾಕೆ ತಿರುಗುತ್ತಾರೆ? ತಾನೇ ಉತ್ತರವನ್ನೂ ಕೊಟ್ಟುಕೊಂಡಿತು. ಕಳ್ಳತನ ಇವರ ಹುಟ್ಟುಗುಣ. 1871ರ ಅಕ್ಟೋಬರಿನಲ್ಲಿ ಬಂದ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ಹುಟ್ಟಿದ ಜಾತಿಯನ್ನೇ ಅಪರಾಧವಾಗಿಸಿತು. ಹೆಸರು ರಿಜಿಸ್ಟರಿಗೆ, ದಿನದಿನವೂ ಹಾಜರಿ, ಊರು ಬಿಡಬೇಕಾದರೆ ಪಾಸು. 1911ರಲ್ಲಿ ಅದು ಮದ್ರಾಸ್ ಪ್ರಾಂತ್ಯಕ್ಕೂ ವಿಸ್ತರಿಸಿತು. ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಹುಬ್ಬಳ್ಳಿ, ಗದಗ-ಬೆಟಗೇರಿ, ವಿಜಯಪುರಗಳಲ್ಲಿ ಇಂಥವರನ್ನು ಕೂಡಿಹಾಕಲು ಸೆಟ್ಲಮೆಂಟುಗಳು ಎದ್ದವು. ಹುಬ್ಬಳ್ಳಿಯಲ್ಲಿ ಆಟೊದವನಿಗೆ ಸೆಟ್ಲಮೆಂಟ್ ಎಂದರೆ ಇವತ್ತಿಗೂ ಜಾಗ ತಿಳಿಯುತ್ತದೆ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳು ಆ ವಿಳಾಸ ಹೇಳಿ ಕೆಲಸ ಕೇಳಲು ಎಷ್ಟು ತಲೆಮಾರು ಹಿಂಜರಿದಿರಬೇಕು.

ಅಲೆಯುವುದು ಅವರ ರಕ್ತದಲ್ಲೇ ಇದೆ ಎಂಬ ಮಾತಿಗೆ ನಾನು ಹೆದರುವುದು ಈ ಕಾರಣಕ್ಕೆ. 1871ರ ಕಾನೂನು ನಿಂತದ್ದೂ ಅದೇ ಮಾತಿನ ಮೇಲೆ. ಅವತ್ತು ಅದನ್ನು ತಿರಸ್ಕಾರದಿಂದ ಹೇಳಿದರು, ಇವತ್ತು ನಾವು ಕನಿಕರದಿಂದ ಹೇಳುತ್ತೇವೆ. ರಕ್ತ ಎಂದುಬಿಟ್ಟರೆ ಉಪ್ಪಿನ ಕಾನೂನು, ರೈಲು, ಕಾಡಿನ ಬೇಲಿ, ಕಿತ್ತುಕೊಂಡ ಬಲೆ ಯಾವುದರ ಲೆಕ್ಕವನ್ನೂ ಕೇಳಬೇಕಾಗಿಲ್ಲ. ಪಕ್ಷಿರಾಜಪುರದವರು ಸುಡಾನಿಗೆ ಹೋದದ್ದು ಅಲ್ಲಿ ಎಣ್ಣೆ ಮಾರಾಟವಾಗುತ್ತಿತ್ತು ಎಂಬ ಕಾರಣಕ್ಕೆ. ಕೊಲ್ಲಿಗೆ ಹೋಗುವ ಮಂಗಳೂರಿನವರನ್ನು, ಕ್ಯಾಲಿಫೋರ್ನಿಯಾಕ್ಕೆ ಹೋಗುವ ಬೆಂಗಳೂರಿನವರನ್ನು ಯಾರೂ ರಕ್ತದ ಮಾತೆತ್ತಿ ವಿವರಿಸುವುದಿಲ್ಲ.

ಆ ಕಾನೂನು 1952ರ ಆಗಸ್ಟ್ 31ರಂದು ರದ್ದಾಯಿತು. ವಿಮುಕ್ತ ಬುಡಕಟ್ಟುಗಳವರು ಆ ದಿನವನ್ನು ತಮ್ಮ ಸ್ವಾತಂತ್ರ್ಯದ ದಿನವೆಂದು ಆಚರಿಸುತ್ತಾರೆ. ಆದರೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಅದರ ಜಾಗಕ್ಕೆ ಬಂದವು, ಕರ್ನಾಟಕದ್ದು 1961ರದು. ಅಲೆಮಾರಿ ಬುಡಕಟ್ಟಿನವರನ್ನು ಹುಟ್ಟಿನಿಂದಲೇ ಅನುಮಾನಿಸುವ ನಿಯಮಗಳು ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಉಳಿದೇ ಇದ್ದವು. ಸುಪ್ರೀಂ ಕೋರ್ಟ್ ಅವನ್ನು ತಳ್ಳಿಹಾಕಿದ್ದು 2024ರ ಅಕ್ಟೋಬರಿನಲ್ಲಿ.

ರಾತ್ರಿ ಎಣಿಸುವ ಜನ

2011ರ ಫೆಬ್ರುವರಿ 28ರ ರಾತ್ರಿ ದೇಶದಲ್ಲಿ ಮನೆಯಿಲ್ಲದವರನ್ನು ಎಣಿಸಿದರು. ರಸ್ತೆ ಬದಿ, ಫುಟ್‌ಪಾತು, ಫ್ಲೈಓವರಿನ ಅಡಿ, ಮೆಟ್ಟಿಲ ಕೆಳಗೆ, ರೈಲ್ವೆ ಪ್ಲಾಟ್‌ಫಾರಂ, ಗುಡಿಯ ಮಂಟಪ, ದೊಡ್ಡ ಸಿಮೆಂಟು ಪೈಪುಗಳ ಒಳಗೆ ಮಲಗಿದವರು. ಲೆಕ್ಕ 17.7 ಲಕ್ಷ. ಸರಿರಾತ್ರಿ ಟಾರ್ಚು ಹಿಡಿದು ಹೋದ ಗಣತಿದಾರರಿಗೆ ಎಷ್ಟು ಜನ ಸಿಕ್ಕಿರಬಹುದು, ಪೊಲೀಸರೆಂದು ಹೆದರಿ ಎಷ್ಟು ಜನ ಎದ್ದು ಹೋಗಿರಬಹುದು ಎಂದು ಯೋಚಿಸಿದರೆ ನಿಜ ಸಂಖ್ಯೆ ದೊಡ್ಡದೇ ಇರಬೇಕು. ಅಲೆಮಾರಿ ಮತ್ತು ವಿಮುಕ್ತ ಸಮುದಾಯಗಳ ಒಟ್ಟು ಜನಸಂಖ್ಯೆ ಹತ್ತು ಕೋಟಿಗೂ ಹೆಚ್ಚೆಂದು 2008ರಲ್ಲಿ ವರದಿ ಕೊಟ್ಟ ಬಾಲಕೃಷ್ಣ ರೇಣಕೆ ಆಯೋಗ ಅಂದಾಜು ಮಾಡಿತ್ತು. ಈ ಎರಡು ಗುಂಪು ಒಂದೇ ಅಲ್ಲ. ಆದರೆ ಒಂದರಿಂದ ಇನ್ನೊಂದಕ್ಕೆ ಜಾರುವ ದಾರಿ ಬಹಳ ಇಳಿಜಾರು.

ಬೆಂಗಳೂರಿನ ಮೆಜೆಸ್ಟಿಕ್, ಕಲಾಸಿಪಾಳ್ಯ, ಕೆ.ಆರ್. ಮಾರುಕಟ್ಟೆಯ ಸುತ್ತ ರಾತ್ರಿ ಹನ್ನೊಂದರ ಮೇಲೆ ನಡೆದು ನೋಡಿ. ಶಟರು ಎಳೆದ ಅಂಗಡಿಗಳ ಮುಂದೆ ರಟ್ಟು ಹಾಸಿಕೊಂಡು ಮಲಗಿದವರಲ್ಲಿ ಮೂಟೆ ಹೊರುವವರಿದ್ದಾರೆ, ಮದುವೆ ಮಂಟಪಗಳಲ್ಲಿ ಬಡಿಸುವವರಿದ್ದಾರೆ, ಚಿಂದಿ ಆಯುವವರಿದ್ದಾರೆ, ಮಗ ಹೊರಗೆ ಹಾಕಿದ ತಾಯಂದಿರಿದ್ದಾರೆ. ಇವರಲ್ಲಿ ಹೆಚ್ಚಿನವರು ದುಡಿಯುವವರು. ದುಡಿಮೆ ಇರುವ ಜಾಗದಲ್ಲಿ ಬಾಡಿಗೆ ಕೊಡಲಾಗದೆ ಅಲ್ಲೇ ಮಲಗುವವರು. ಇವರ ಪಾಡನ್ನು ಅಲೆಯುವ ಹಂಬಲದ ಜೊತೆ ಕಲಸಿ, ಊರೂರು ತಿರುಗುವ ಸ್ವಚ್ಛಂದ ಜೀವಿಗಳೆಂದು ಬಣ್ಣಿಸುವ ಬರಹಗಳನ್ನು ಓದಿದಾಗ ನನಗೆ ಸಿಟ್ಟು ಬರುತ್ತದೆ. ಯಾದಗಿರಿಯ ತಾಂಡಾದಿಂದ ಗುಳೆ ಹೊರಟ ಕುಟುಂಬ ಹಸುಗೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಪುಣೆಯ ರೈಲು ಹತ್ತುವುದು ದಿಗಂತ ಕರೆಯಿತೆಂದಲ್ಲ. ಹೊಲದಲ್ಲಿ ಬೆಳೆ ಒಣಗಿದೆ, ಸಾಹುಕಾರನ ಬಡ್ಡಿ ಬೆಳೆದಿದೆ.

ಇನ್ನು ನಿಜವಾಗಿಯೂ ಎಲ್ಲಿಗೆಂದು ತಿಳಿಯದೆ ನಡೆಯುವವರಿದ್ದಾರೆ. ಹೆದ್ದಾರಿಯ ಬದಿಯಲ್ಲಿ ಕೊಳೆಯಾದ ಉದ್ದ ಅಂಗಿ, ಜಡೆಗಟ್ಟಿದ ಕೂದಲು, ಹೆಗಲ ಮೇಲೆ ಗಂಟು. ಮನಸ್ಸಿನ ಕಾಯಿಲೆ ಅವರನ್ನು ಹೊರಗೆಳೆದಿರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ನೂರನೇ ಸೆಕ್ಷನ್ ಇವರಿಗಾಗಿಯೇ ಇದೆ. ಹೀಗೆ ಅಲೆಯುತ್ತಿರುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಳ್ಳಬೇಕು, ಲಾಕಪ್ಪಿನಲ್ಲಿ ಇಡಕೂಡದು, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಕಾಣೆಯಾದವರ ದೂರು ದಾಖಲಿಸಿ ಮನೆಯವರನ್ನು ಹುಡುಕಬೇಕು. ಇಷ್ಟು ಮನುಷ್ಯತ್ವದ ಕಾನೂನು ನಮ್ಮಲ್ಲಿದೆಯೆಂದು ಎಷ್ಟು ಠಾಣೆಗಳಿಗೆ ನೆನಪಿದೆ? ಅಲೆಯುವ ವ್ಯಕ್ತಿಯ ಎದುರಿಗೆ ಕಾನೂನು ಮೊದಲ ಸಲ ಕೇಳಿದ ಸರಿಯಾದ ಪ್ರಶ್ನೆ ಅದು: ಇವರಿಗಾಗಿ ಕಾಯುತ್ತಿರುವವರು ಯಾರು?

ಇದಕ್ಕೆ ಎದುರಾಗಿ ನಿಂತಿರುವುದು ಭಿಕ್ಷಾಟನೆ ನಿಷೇಧದ ಕಾನೂನುಗಳು. 1959ರ ಮುಂಬಯಿ ಕಾಯ್ದೆಯ ಪ್ರಕಾರ ಬೀದಿಯಲ್ಲಿ ಹಾಡಿ, ಕುಣಿದು, ಶಕುನ ಹೇಳಿ ಕೈಚಾಚುವುದೂ ಭಿಕ್ಷೆ, ಜೀವನೋಪಾಯ ಕಾಣದಂತೆ ತಿರುಗಾಡುವುದೂ ಭಿಕ್ಷೆ. ಅದರ ಮುಖ್ಯ ಭಾಗಗಳನ್ನು ದೆಹಲಿ ಹೈಕೋರ್ಟ್ 2018ರಲ್ಲಿ ದೆಹಲಿಯ ಮಟ್ಟಿಗೆ ರದ್ದು ಮಾಡಿತು. ಕರ್ನಾಟಕಕ್ಕೆ 1975ರ ತನ್ನದೇ ಕಾಯ್ದೆ ಇದೆ, ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ 3ರಷ್ಟು ಭಿಕ್ಷುಕರ ಕರವೂ ಸೇರಿದೆ. ಆ ಹಣದಿಂದ ನಡೆಯುವ ಬೆಂಗಳೂರಿನ ಮಾಗಡಿ ರಸ್ತೆಯ ಪುನರ್ವಸತಿ ಕೇಂದ್ರದಲ್ಲಿ 2010ರಲ್ಲಿ ಸಾಲುಸಾಲಾಗಿ ಜನ ಸತ್ತಾಗ ಇಡೀ ರಾಜ್ಯ ತಲ್ಲಣಿಸಿತ್ತು.

ಬೀದಿಯಲ್ಲಿ ಹಾಡುವುದು ಅಪರಾಧವಾದರೆ ನಾವು ಯಾರನ್ನು ಕಳೆದುಕೊಳ್ಳುತ್ತೇವೆ ಎಂಬುದಕ್ಕೆ ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಸಾಕ್ಷಿ. ಬುಡ್ಗ ಜಂಗಮರ ಈ ಹೆಣ್ಣುಮಗಳು ಅಕ್ಷರ ಕಲಿಯದೆ, ಸಾವಿರಾರು ಪುಟಗಳಾಗುವಷ್ಟು ಬುರ್ರಕಥೆಗಳನ್ನು ನೆನಪಿನಲ್ಲಿ ಹೊತ್ತು ತಿರುಗಿದರು. ಕುಮಾರರಾಮನ ಕತೆಯನ್ನು ಆಕೆಯ ಬಾಯಲ್ಲಿ ಕೇಳಿದವರು ಮರೆಯುವುದಿಲ್ಲ. 2014ರಲ್ಲಿ ತೀರಿಕೊಳ್ಳುವ ಹೊತ್ತಿಗೆ ನಾಡು ಆಕೆಯನ್ನು ನಾಡೋಜ ಎಂದು ಗೌರವಿಸಿತ್ತು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ತೊಗಲುಗೊಂಬೆಯಾಟಕ್ಕಾಗಿ ಪದ್ಮಶ್ರೀ ಬಂತು. ಗೊಂಬೆಯ ಪೆಟ್ಟಿಗೆ ಹೊತ್ತು ಊರೂರು ತಿರುಗಿದ ಬಳಗದ ಅಜ್ಜಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ.

ಅದೇ ವರ್ಷದ ಆಗಸ್ಟಿನಲ್ಲಿ ಶಿಳ್ಳೇಕ್ಯಾತರು, ಬುಡ್ಗ ಜಂಗಮರು, ಸುಡುಗಾಡು ಸಿದ್ಧರು, ಹಂದಿಜೋಗಿಗಳು, ದಕ್ಕಲರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ದರು. ಪರಿಶಿಷ್ಟ ಜಾತಿಗಳ ಒಳಮೀಸಲಾತಿಗಾಗಿ ಅಧ್ಯಯನ ನಡೆಸಿದ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗವು ಇವರೂ ಸೇರಿದ 59 ಅತಿ ಸಣ್ಣ ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ 1ರಷ್ಟು ಕೊಡಬೇಕೆಂದಿತ್ತು. ಸಚಿವ ಸಂಪುಟ ಶೇ 6, 6, 5 ಎಂದು ಮೂರೇ ಭಾಗ ಮಾಡಿ, ಇವರನ್ನು ತಮಗಿಂತ ಎಷ್ಟೋ ದೊಡ್ಡ, ಓದಿ ಮುಂದೆ ಬಂದ ಸಮುದಾಯಗಳ ಜೊತೆ ಸೇರಿಸಿತು. ಲಂಬಾಣಿ, ಭೋವಿ, ಕೊರಚ, ಕೊರಮರೂ ಕಷ್ಟ ಪಟ್ಟವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಾಲೆಯ ಮೆಟ್ಟಿಲನ್ನೇ ಈಗ ಹತ್ತುತ್ತಿರುವ ಸುಡುಗಾಡು ಸಿದ್ಧರ ಹುಡುಗ ಆ ಪೈಪೋಟಿಯಲ್ಲಿ ಗೆಲ್ಲುವುದು ಹೇಗೆ? ಆ ಒಂದು ಶೇಕಡಾ ಅವರಿಗೆ ಸಿಗಲೇಬೇಕಿತ್ತು ಎಂದೇ ನಾನು ನಂಬಿದ್ದೇನೆ.

ಚಲಿಸುವುದೂ, ನಿಲ್ಲುವುದೂ

ಲಕ್ಷ್ಮಣ ಮಾನೆ ಅವರ ಮರಾಠಿ ಆತ್ಮಕಥೆ ‘ಉಪರಾ’ ಕನ್ನಡಕ್ಕೂ ಬಂದಿದೆ. ಕೈಕಾಡಿ ಕುಟುಂಬ, ಕತ್ತೆಗಳ ಮೇಲೆ ಸಂಸಾರ, ಬುಟ್ಟಿ ಹೆಣೆಯುತ್ತ ಊರಿಂದೂರಿಗೆ ಪಯಣ. ಮಗ ಓದಲೇಬೇಕೆಂದು ಹಟ ಹಿಡಿದ ಅಪ್ಪ, ಬಿಡಾರ ಹೂಡಿದ ಕಡೆಯಲ್ಲೆಲ್ಲ ಅವನನ್ನು ಶಾಲೆಗೆ ಒಯ್ಯುತ್ತಾನೆ. ನಮ್ಮ ವ್ಯವಸ್ಥೆ ಅಂಥ ಅಪ್ಪನ ಮುಂದೆ ಇಟ್ಟದ್ದು ಎರಡೇ ಆಯ್ಕೆ: ಕಸುಬು ಬಿಡು, ಇಲ್ಲವೆ ಮಗನ ಓದು ಬಿಡು.

ಸಂವಿಧಾನ ಹಾಗೆ ಹೇಳಿಲ್ಲ. ಹತ್ತೊಂಬತ್ತನೇ ವಿಧಿಯಲ್ಲಿ ದೇಶದೊಳಗೆ ಎಲ್ಲೆಡೆ ಚಲಿಸುವ ಹಕ್ಕು, ಎಲ್ಲಾದರೂ ನೆಲೆಸುವ ಹಕ್ಕು ಒಂದರ ಕೆಳಗೊಂದು ಇವೆ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆ ಎಂಬ ಷರತ್ತು ಅಲ್ಲಿಲ್ಲ. ಆದರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆ ಷರತ್ತು ಹುಟ್ಟಿಕೊಳ್ಳುತ್ತದೆ. ಜಾತಿ ಪ್ರಮಾಣಪತ್ರಕ್ಕೆ ವಿಳಾಸ, ವಿಳಾಸಕ್ಕೆ ರೇಷನ್ ಕಾರ್ಡು, ರೇಷನ್ ಕಾರ್ಡಿಗೆ ಮನೆ, ಮನೆಗೆ ನಿವೇಶನ, ನಿವೇಶನಕ್ಕೆ ಮತ್ತೆ ಜಾತಿ ಪ್ರಮಾಣಪತ್ರ. ಟೆಂಟಿನಲ್ಲಿ ಹುಟ್ಟಿದ ಮಗು ಈ ಸುತ್ತಿನ ಒಳಗೆ ಯಾವ ಕಡೆಯಿಂದ ಹೊಗಬೇಕು?

ನಿಲ್ಲಬಯಸುವವರಿಗೆ ನಿಲ್ಲಲು ನೆಲ ಬೇಕು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ತಾಂಡಾಗಳ ಐವತ್ತು ಸಾವಿರದಷ್ಟು ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿತು. ಅದು ಒಳ್ಳೆಯ ಕೆಲಸ. ನಗರಗಳಲ್ಲಿ ರಾತ್ರಿ ತಂಗುದಾಣಗಳನ್ನು ತೆರೆಯುವಂತೆ 2010ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಗಳ ಬೆನ್ನುಹತ್ತಿತು. ಅದರಿಂದಲೂ ಒಂದಷ್ಟು ಜೀವ ಉಳಿದಿವೆ. ತಿರುಗುವವರಿಗೆ ಬೇಕಾದದ್ದು ಬೇರೆ. ಫ್ರಾನ್ಸಿನಲ್ಲಿ 1912ರಿಂದ ಅಲೆಮಾರಿಗಳು ಗುರುತಿನ ಪುಸ್ತಕ ಹಿಡಿದು ಪೊಲೀಸರ ಸಹಿ ಹಾಕಿಸಿಕೊಳ್ಳುತ್ತ ತಿರುಗಬೇಕಿತ್ತು, ನಮ್ಮ ಹಾಜರಿಯ ಹಾಗೆಯೇ. ಅದೇ ದೇಶ 2000ದಲ್ಲಿ ಒಂದು ಕಾನೂನು ಮಾಡಿ, 5,000ಕ್ಕಿಂತ ಹೆಚ್ಚು ಜನರಿರುವ ಪ್ರತಿ ಊರೂ ಅಲೆಮಾರಿಗಳು ತಂಗಲು ನೀರು, ಶೌಚಾಲಯದ ಜಾಗ ಒದಗಿಸಬೇಕೆಂದಿತು. ಎಲ್ಲ ಊರುಗಳೂ ಮನಸ್ಸಿಟ್ಟು ಪಾಲಿಸಿವೆ ಎಂದಲ್ಲ. ಆದರೂ ಬಂದವನಿಗೆ ಜಾಗ ಕೊಡುವುದು ಊರಿನ ಹೊಣೆ ಎಂದು ಕಾನೂನಿನಲ್ಲಿ ಬರೆಯಿತು.

ನಮಗೆ ಇದು ಹೊಸದೇನಲ್ಲ. ಅರವಟ್ಟಿಗೆ, ಛತ್ರಗಳಿಗೆ ಭೂಮಿ ಬಿಟ್ಟ ಶಾಸನಗಳು ನಾಡಿನ ತುಂಬ ಇವೆ. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರಕ್ಕೆ ನೂರು ವರ್ಷ ದಾಟಿದೆ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಊರ ಹೊರಗೆ ಮಾವು, ಹುಣಸೆ, ಹೊಂಗೆಯ ಗುಂಡುತೋಪುಗಳಿದ್ದವು. ಗಾಡಿ ಬಿಡುವವರು, ದನದ ಜಾತ್ರೆಗೆ ಹೊರಟವರು, ದೊಂಬರು, ಹಾವಾಡಿಗರು, ಕೊರಮರು ಅಲ್ಲಿ ಇಳಿಯುತ್ತಿದ್ದರು. ಪಕ್ಕದಲ್ಲಿ ಕಟ್ಟೆಯೋ ಕೆರೆಯೋ ಇರುತ್ತಿತ್ತು. ಯಾರೂ ಅವರನ್ನು ಎಬ್ಬಿಸುತ್ತಿರಲಿಲ್ಲ. ಬಹಳಷ್ಟು ತೋಪುಗಳನ್ನು ಅಕ್ಕಪಕ್ಕದ ಜಮೀನಿನವರು ನುಂಗಿದ್ದಾರೆ, ಕೆಲವು ಲೇಔಟುಗಳಾಗಿವೆ.

ಹೋಬಳಿಗೊಂದು ಇಂಥ ಜಾಗವನ್ನು ಬಿಡಿಸಿಕೊಳ್ಳಲಿ. ಒಂದು ಕೊಳವೆಬಾವಿ, ನಾಲ್ಕು ಶೌಚಾಲಯ, ಕುರಿಗೆ ನೀರಿನ ತೊಟ್ಟಿ, ಒಂದು ವಿದ್ಯುತ್ ದೀಪ. ಬಿಡಾರ ಹೂಡಿದವರ ಮಕ್ಕಳನ್ನು ಹತ್ತಿರದ ಶಾಲೆ ಟಿ.ಸಿ. ಕೇಳದೆ ಕೂರಿಸಿಕೊಳ್ಳಲಿ, ಪಂಚಾಯಿತಿ ಆ ತೋಪನ್ನೇ ಅವರ ವಿಳಾಸವೆಂದು ಬರೆದುಕೊಡಲಿ. ಹೊಸದಾಗಿ ಭೂಮಿ ಕೊಳ್ಳಬೇಕಾಗಿಲ್ಲ. ಕಂದಾಯ ದಾಖಲೆಗಳಲ್ಲಿ ಆ ಸರ್ವೆ ನಂಬರುಗಳ ಮುಂದೆ ಈಗಲೂ ಗುಂಡುತೋಪು ಎಂದೇ ಇದೆ. ತಹಶೀಲ್ದಾರರು ಕಡತ ತೆಗೆದು, ಸರ್ವೆಯವರನ್ನು ಕರೆದುಕೊಂಡು ಹೋಗಿ, ಕಲ್ಲು ಹಾಕಿಸಬೇಕು.